ತಪ್ಪು ಮಾಡಿದ್ದು ನಾನು, ಹಳದಿ ಪುಟ ಕಂಡಿದ್ದು ಅವರಿಗೆ: ಒಂದೇ ಕೈಪಿಡಿಗೆ ಬಳಸಿ ನೋಡಿದ ಮಾರ್ಕಪ್‌ಗಳು

ಆ ಟೆಕ್ನಿಷಿಯನ್ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮೇಡಂ, ಎರರ್ 204ರ ಪೇಜ್ ತೆಗೆದೆ. ಹಳದಿ ಬಣ್ಣ ಬಿಟ್ಟರೆ ಏನೂ ಇಲ್ಲ. ಕೆಂಪಕ್ಷರದಲ್ಲಿ ಏನೋ ಬರೆದಿದೆ." ಅವರು ಕೆಟ್ಟು ನಿಂತ ಯಂತ್ರದ ಮುಂದೆ ನಿಂತಿದ್ದರು. ನಾನು ನನ್ನ ಮೇಜಿನ ಮೇಲೆ ಅದೇ ಪುಟ ತೆಗೆದೆ. ಚೆನ್ನಾಗಿಯೇ ಕಂಡಿತು. "ಇಲ್ಲಿ ಸರಿ ಇದೆಯಲ್ಲ ಸರ್" ಅಂದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಾನು ನೋಡುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, ಅವರು ನೋಡುತ್ತಿದ್ದದ್ದು ಫೈರ್‌ಫಾಕ್ಸ್‌ನಲ್ಲಿ. ಹಿಂದಿನ ಸಂಜೆ ಆ ಪುಟದಲ್ಲಿ ನಾನು ಒಂದು ಬಿಡಿಭಾಗದ ಹೆಸರು ಅಂಟಿಸಿದ್ದೆ. ಹೆಸರಿನ ನಡುವೆ ಒಂದು ‘&’ ಇತ್ತು. ಅಷ್ಟೇ. ಆ ಒಂದು ಚಿಹ್ನೆಗೆ ಇಡೀ ಪುಟ ಹೋಗಿತ್ತು.

ಪಠ್ಯದಲ್ಲಿ ಯಾವುದು ತಲೆಬರಹ, ಯಾವುದು ಪಟ್ಟಿ ಅಂತ ಗುರುತು ಹಾಕುವ ರೀತಿಗೆ ಮಾರ್ಕಪ್ ಅನ್ನುತ್ತಾರೆ, ಆ ಗುರುತುಗಳಿಗೆ ಹೆಚ್ಚಿನ ಕಡೆ ಟ್ಯಾಗ್ ಅಂತ ಹೆಸರು. ಆಗ ನಾವು ಬಳಸುತ್ತಿದ್ದ ಮಾರ್ಕಪ್ ಎಕ್ಸ್‌ಎಚ್‌ಟಿಎಂಎಲ್. ಅದಕ್ಕೂ ಮುಂಚೆ ವೆಬ್ ಪುಟಗಳ ಮಾಮೂಲಿ ಮಾರ್ಕಪ್ ಆದ ಎಚ್‌ಟಿಎಂಎಲ್, 4.01ನೇ ಆವೃತ್ತಿ. ಆಮೇಲೆ ಡಾಕ್‌ಬುಕ್, ಆಮೇಲೆ ಮಾರ್ಕ್‌ಡೌನ್, ಈಗ ಆಸ್ಕಿಡಾಕ್. ಕೈಪಿಡಿ ಮಾತ್ರ ಒಂದೇ. ಒಂದು ಅಳತೆ ಯಂತ್ರದ್ದು, ವೆಬ್‌ನಲ್ಲಿ ಸುಮಾರು 640 ಪುಟ. ಹೆಜ್ಜೆ ಹೆಜ್ಜೆಯಾಗಿ ಮಾಡಬೇಕಾದ ಕೆಲಸಗಳು, ಎರರ್ ಕೋಡ್‌ಗಳ ಉದ್ದನೆಯ ಪಟ್ಟಿಗಳು, ಎಚ್ಚರಿಕೆಗಳು, ಕಮಾಂಡ್‌ಗಳು. ಇಷ್ಟೂ ಸಾಮಾನನ್ನು ಒಂದು ಮಾರ್ಕಪ್‌ನಿಂದ ಇನ್ನೊಂದಕ್ಕೆ ನಾಲ್ಕು ಸಲ ಹೊತ್ತವಳು ನಾನು. ಅದೇ ಈ ವಿಮರ್ಶೆ ಬರೆಯಲು ನನಗಿರುವ ಅರ್ಹತೆ.

ಮಾರ್ಕಪ್ ಆರಿಸುವವರು ಸಾಮಾನ್ಯವಾಗಿ ಏನೇನು ಟ್ಯಾಗ್ ಇದೆ, ಯಾವ ಟೂಲ್ ಸಿಗುತ್ತದೆ ಅಂತ ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆ ಫೋನ್ ಬಂದ ಮೇಲೆ ನನ್ನ ಮೊದಲ ಪ್ರಶ್ನೆ ಬದಲಾಯಿತು. ಬರೆಯುವಾಗ ತಪ್ಪು ಆಗೇ ಆಗುತ್ತದೆ. ಆದಾಗ ಅದು ಯಾರ ಕಣ್ಣಿಗೆ ಬೀಳುತ್ತದೆ? ನನ್ನ ಕಣ್ಣಿಗೋ, ಓದುವವರ ಕಣ್ಣಿಗೋ, ಅಥವಾ ಯಾರ ಕಣ್ಣಿಗೂ ಬೀಳದೆ ಸುಮ್ನೆ ಕೂತಿರುತ್ತದೋ? ಕೆಳಗಿನ ಎಲ್ಲವನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಅಳೆದಿದ್ದೇನೆ.

ಎಚ್‌ಟಿಎಂಎಲ್ 4.01 ಬಗ್ಗೆ ನನಗೆ ಸಿಟ್ಟಿಲ್ಲ. 1999ರ ಡಿಸೆಂಬರ್ 24ಕ್ಕೆ ವೆಬ್‌ನ ನಿಯಮಗಳನ್ನು ಮಾಡುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಹೊರತಂದಿತು. ಸ್ಟ್ರಿಕ್ಟ್, ಟ್ರಾನ್ಸಿಷನಲ್, ಫ್ರೇಮ್‌ಸೆಟ್ ಅಂತ ಮೂರು ಬಗೆ. ನನ್ನ ಕೈಗೆ ಬಂದ ಕೈಪಿಡಿ ಟ್ರಾನ್ಸಿಷನಲ್‌ನಲ್ಲಿತ್ತು. ಅಂದರೆ ಫಾಂಟ್ ಟ್ಯಾಗು, ಸೆಂಟರ್ ಟ್ಯಾಗು ಎಲ್ಲ ಧಾರಾಳವಾಗಿ ತುಂಬಿದ್ದವು. ಆದರೆ ತಾಂತ್ರಿಕ ಬರವಣಿಗೆಗೆ ಬೇಕಾದ ಒಳ್ಳೆಯ ಸಾಮಾನು ಅದರಲ್ಲಿ ಮೊದಲಿಂದಲೂ ಇತ್ತು. ಕೋಡ್‌ಗೆ ಒಂದು ಟ್ಯಾಗ್, ಒತ್ತಬೇಕಾದ ಕೀಗೆ ಕೆಬಿಡಿ, ಯಂತ್ರ ತೋರಿಸುವ ಸಂದೇಶಕ್ಕೆ ಸ್ಯಾಂಪ್, ಬಳಕೆದಾರ ತುಂಬಬೇಕಾದ ಮೌಲ್ಯಕ್ಕೆ ವಾರ್. 1995ರ ಎಚ್‌ಟಿಎಂಎಲ್ 2.0ರಲ್ಲೇ ಇವೆಲ್ಲ ಇದ್ದವು. ಎಷ್ಟೋ ಜನ ಇವತ್ತಿಗೂ ಇವನ್ನು ಮುಟ್ಟುವುದಿಲ್ಲ. ಎಲ್ಲಕ್ಕೂ ದಪ್ಪಕ್ಷರ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ತೊಂದರೆ ಇದ್ದದ್ದು ಬೇರೆ ಕಡೆ. ಟ್ಯಾಗ್ ತಪ್ಪಾದರೆ ಬ್ರೌಸರ್ ಏನು ಮಾಡಬೇಕು ಅನ್ನುವುದನ್ನು 4.01 ಹೇಳಲೇ ಇಲ್ಲ. ಅದು ಬ್ರೌಸರಿನವರ ಪಾಡು. ಹಾಗಾಗಿ ಒಂದೊಂದು ಬ್ರೌಸರ್ ಒಂದೊಂದು ರೀತಿ ಊಹೆ ಮಾಡುತ್ತಿತ್ತು. ನಾನು ಒಂದು ದಪ್ಪಕ್ಷರದ ಟ್ಯಾಗ್ ಮುಚ್ಚಲು ಮರೆತಿದ್ದೆ. ಒಂದು ಬ್ರೌಸರಿನಲ್ಲಿ ಆ ಸಾಲು ಮಾತ್ರ ದಪ್ಪ, ಇನ್ನೊಂದರಲ್ಲಿ ಅಲ್ಲಿಂದ ಪುಟದ ಕೊನೆಯವರೆಗೂ ದಪ್ಪ. ಪ್ಯಾರಾಗ್ರಾಫ್ ಒಳಗೆ ಪಟ್ಟಿ ಹಾಕಿದರೆ ಪಟ್ಟಿ ಶುರುವಾದ ಕೂಡಲೇ ಪ್ಯಾರಾಗ್ರಾಫ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಚ್ಚರಿಕೆಯ ಕೆಂಪು ಬಣ್ಣವನ್ನು ನಾನು ಪ್ಯಾರಾಗ್ರಾಫಿಗೆ ಕೊಟ್ಟಿದ್ದೆ. ಪಟ್ಟಿಯಲ್ಲಿದ್ದ ನಾಲ್ಕು ಎಚ್ಚರಿಕೆಗಳೂ ಕಪ್ಪಾಗಿ ಬಂದವು. ತಿಂಗಳುಗಟ್ಟಲೆ ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅವು ಕೆಂಪಗಿರಬೇಕಿತ್ತು ಅಂತ ಅವರಿಗೆ ಗೊತ್ತಿದ್ದರೆ ತಾನೇ.

ಇದೇ ಕಾಲದಲ್ಲಿ ಐಎಸ್‌ಒ ಕೂಡ ತನ್ನದೊಂದು ಎಚ್‌ಟಿಎಂಎಲ್ ಮಾಡಿತ್ತು. ಸಂಖ್ಯೆ 15445, ವರ್ಷ 2000. 4.01 ಸ್ಟ್ರಿಕ್ಟ್ ಅನ್ನೇ ಇನ್ನೂ ಬಿಗಿ ಮಾಡಿದ್ದು. ಮೊದಲ ಮಟ್ಟದ ತಲೆಬರಹ ಎಚ್1 ಆದ ಮೇಲೆ ಎಚ್2 ಬಿಟ್ಟು ನೇರ ಎಚ್3ಗೆ ಹಾರುವ ಹಾಗಿಲ್ಲ. ಓದಿದಾಗ ತುಂಬಾ ಇಷ್ಟ ಆಯಿತು. ಬಳಸುವ ಇನ್ನೊಬ್ಬರು ಮಾತ್ರ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಹೀಗೆ ಊಹೆಗಳ ಕಾಟ ತಡೆಯಲಾಗದೆ ನಾನು ಎಕ್ಸ್‌ಎಚ್‌ಟಿಎಂಎಲ್ 1.0 ಕಡೆ ಹೋದೆ. 2000ದ ಜನವರಿ 26ರಂದು ಬಂದ ಮಾನದಂಡ ಅದು. ಟ್ಯಾಗ್‌ಗಳು ಅವೇ, ಶಿಸ್ತು ಮಾತ್ರ ಎಕ್ಸ್‌ಎಂಎಲ್ ಅನ್ನುವ ಬಿಗಿ ನಿಯಮದ ಮಾರ್ಕಪ್‌ನದು. ತೆರೆದದ್ದನ್ನೆಲ್ಲ ಮುಚ್ಚಬೇಕು, ಎಲ್ಲ ಟ್ಯಾಗ್‌ಗಳೂ ಸಣ್ಣಕ್ಷರದಲ್ಲಿರಬೇಕು, ಟ್ಯಾಗಿನ ಗುಣಗಳಿಗೆ ಕೊಡುವ ಮೌಲ್ಯಗಳಿಗೆಲ್ಲ ಉದ್ಧರಣ ಚಿಹ್ನೆ ಬೇಕು. ಆಗ ನನಗೆ ಅದರ ಮೋಹ ಹತ್ತಿತ್ತು. ಪುಟದ ಕೆಳಗೆ ‘ವ್ಯಾಲಿಡ್’, ಅಂದರೆ ನಿಯಮದ ಪ್ರಕಾರ ಸರಿ ಇದೆ, ಅನ್ನುವ ಬಿಲ್ಲೆ ಅಂಟಿಸಿಕೊಂಡಿದ್ದೆ. ಇವತ್ತು ನೆನೆಸಿಕೊಂಡರೆ ನಾಚಿಕೆ.

ಇಲ್ಲೊಂದು ಗುಟ್ಟಿದೆ. ಆ ಮಾನದಂಡದ ಕೊನೆಯಲ್ಲಿ ಅನುಬಂಧ ಸಿ ಅಂತ ಒಂದು ಭಾಗ ಇತ್ತು. ಕೆಲವು ನಿಯಮ ಪಾಲಿಸಿದರೆ ಎಕ್ಸ್‌ಎಚ್‌ಟಿಎಂಎಲ್ ಪುಟವನ್ನು ಮಾಮೂಲಿ ಎಚ್‌ಟಿಎಂಎಲ್ ಅಂತಲೇ ಬ್ರೌಸರಿಗೆ ಕಳಿಸಬಹುದು ಅನ್ನುವ ವಿನಾಯಿತಿ ಅದು. ಸಾಲು ಮುರಿಯುವ ಬಿಆರ್ ಟ್ಯಾಗನ್ನು ಮುಚ್ಚುವ ಸ್ಲ್ಯಾಶ್‌ಗೆ ಮುಂಚೆ ಒಂದು ಜಾಗ ಬಿಡುವ ಅಭ್ಯಾಸ ಬಂದದ್ದು ಅಲ್ಲಿಂದಲೇ. ಹೆಚ್ಚಿನವರು ಮಾಡಿದ್ದೂ ಅದನ್ನೇ. ಆದರೆ ಹಾಗೆ ಕಳಿಸಿದ ಕೂಡಲೇ ಬ್ರೌಸರ್ ಅದನ್ನು ಹಳೆಯ ಎಚ್‌ಟಿಎಂಎಲ್ ಥರವೇ ಓದುತ್ತಿತ್ತು. ಸ್ಲ್ಯಾಶ್‌ಗಳು ಸುಮ್ನೆ ಅಲಂಕಾರಕ್ಕೆ. ಎಕ್ಸ್‌ಎಂಎಲ್‌ನ ಶಿಸ್ತು ನಿಜವಾಗಿ ಬೇಕು ಅಂದರೆ ಬೇರೆ ಮೈಮ್ ಟೈಪ್ (ಇದು ಎಂಥ ಫೈಲ್ ಅಂತ ಬ್ರೌಸರಿಗೆ ಹೇಳುವ ಹೆಸರು) ಹಾಕಿ ಕಳಿಸಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2011ರ 9ನೇ ಆವೃತ್ತಿವರೆಗೆ ಅದು ಅರ್ಥವಾಗುತ್ತಿರಲಿಲ್ಲ. ನಾನು ಜಾಣತನ ತೋರಿಸಲು ಹೋಗಿ ಸರ್ವರ್‌ಗೆ ಒಂದು ನಿಯಮ ಬರೆದಿದ್ದೆ. ಅರ್ಥವಾಗುತ್ತದೆ ಅನ್ನುವ ಬ್ರೌಸರಿಗೆ ಎಕ್ಸ್‌ಎಂಎಲ್ ಆಗಿ, ಉಳಿದವಕ್ಕೆ ಎಚ್‌ಟಿಎಂಎಲ್ ಆಗಿ. ಹಾಗಾಗಿಯೇ ‘&’ ಇದ್ದ ಪುಟ ನನಗೆ ಚೆನ್ನಾಗಿ ಕಂಡಿತು, ಟೆಕ್ನಿಷಿಯನ್‌ಗೆ ಹಳದಿಯಾಗಿ ಕಂಡಿತು. ಎಕ್ಸ್‌ಎಂಎಲ್‌ನ ನಿಯಮವೇ ಹಾಗೆ: ಬರಿಯ ‘&’ ಅದರ ಲೆಕ್ಕದಲ್ಲಿ ತಪ್ಪು, ಒಂದು ತಪ್ಪು ಕಂಡರೆ ಓದುವುದು ನಿಲ್ಲಿಸಬೇಕು. ಬರೆಯುವವರ ಮೇಜಿನ ಮೇಲೆ ಅದು ಒಳ್ಳೆಯ ನಿಯಮ. ಓದುವವರ ಕೈಯಲ್ಲಿ ಅಲ್ಲ. ತಪ್ಪು ನನ್ನದು, ಏಟು ಅವರಿಗೆ.

ಇನ್ನೊಂದು ಪೇಚು ನಾನೇ ಮಾಡಿಕೊಂಡದ್ದು. ಲಿಂಕ್‌ಗಳು ಸರಿ ಇವೆಯಾ ಅಂತ ನೋಡಲು ಒಂದು ಸ್ಕ್ರಿಪ್ಟ್ ಬರೆದಿದ್ದೆ. ಮೊದಮೊದಲು ಚೆನ್ನಾಗಿ ಓಡುತ್ತಿತ್ತು, ಬರಬರುತ್ತಾ ನಿಧಾನ ಆಯಿತು, ಒಂದು ದಿನ ನಿಂತೇ ಹೋಯಿತು. ಕಾರಣ ಹುಡುಕಿದರೆ ಎನ್‌ಬಿಎಸ್‌ಪಿ. ಸಾಲು ಮುರಿಯದ ಹಾಗೆ ಜಾಗ ಬಿಡಲು ಬಳಸುತ್ತೇವಲ್ಲ, ಅದೇ. ಎಕ್ಸ್‌ಎಂಎಲ್‌ಗೆ ಅಂಥ ಹೆಸರುಗಳಲ್ಲಿ ತಾನಾಗಿ ಗೊತ್ತಿರುವುದು ಐದೇ ಐದು. ಎನ್‌ಬಿಎಸ್‌ಪಿ ಆ ಐದರಲ್ಲಿಲ್ಲ. ಅದನ್ನು ತಿಳಿಯಲು ಭಾಷೆಯ ನಿಯಮಗಳಿರುವ ಡಿಟಿಡಿ ಫೈಲ್ ಬೇಕು, ಅದರ ಜೊತೆಗೆ ಅಕ್ಷರಗಳ ಮೂರು ಫೈಲ್ ಬೇಕು. ನನ್ನ ಸ್ಕ್ರಿಪ್ಟ್ ಪ್ರತಿ ಪುಟಕ್ಕೂ ಈ ನಾಲ್ಕನ್ನೂ ಡಬ್ಲ್ಯು3ಸಿ ಸರ್ವರ್‌ನಿಂದ ಹೊಸದಾಗಿ ತರಿಸುತ್ತಿತ್ತು. 640 ಪುಟಕ್ಕೆ 2,560 ಸಲ, ದಿನಾ. ಜಗತ್ತಿನ ತುಂಬಾ ನನ್ನಂಥವರೇ ಇದ್ದರು ಅಂತ ಆಮೇಲೆ ಗೊತ್ತಾಯಿತು. ಇಂಥ ಕೋರಿಕೆಗಳು ದಿನಕ್ಕೆ 13 ಕೋಟಿವರೆಗೆ ಬರುತ್ತಿವೆ, ದಯವಿಟ್ಟು ನಿಲ್ಲಿಸಿ ಅಂತ ಡಬ್ಲ್ಯು3ಸಿಯವರು 2008ರಲ್ಲಿ ಬರೆದುಕೊಂಡಿದ್ದರು. ಆ ಫೈಲ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ಎಕ್ಸ್‌ಎಂಎಲ್ ಕ್ಯಾಟಲಾಗ್ ಅನ್ನುವ ಸಣ್ಣ ಪಟ್ಟಿಯಲ್ಲಿ ವಿಳಾಸ ಬರೆದ ಮೇಲೆ ಅದೇ ಕೆಲಸ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಿತು.

ಎಕ್ಸ್‌ಎಚ್‌ಟಿಎಂಎಲ್ 1.1 ಕೂಡ 2001ರಲ್ಲೇ ಬಂದಿತ್ತು. ಅದರಲ್ಲಿ ಲಿಂಕ್ ಹಾಕುವ ಎ ಟ್ಯಾಗಿನ ನೇಮ್ ಗುಣವನ್ನೇ ತೆಗೆದುಹಾಕಿದ್ದರು. ನಮ್ಮಲ್ಲಿ ಪುಟದೊಳಗಿನ ಲಿಂಕ್‌ಗಳೆಲ್ಲ ಅದನ್ನೇ ನಂಬಿದ್ದವು. ಅದರ ಗೋಜಿಗೆ ಹೋಗಲಿಲ್ಲ. ಎಕ್ಸ್‌ಎಚ್‌ಟಿಎಂಎಲ್ 2 ಬರುತ್ತದೆ, ಎಲ್ಲ ಸರಿ ಹೋಗುತ್ತದೆ ಅಂತ ಕಾದೆವು. 2009ರಲ್ಲಿ ಆ ಕೆಲಸವನ್ನೇ ನಿಲ್ಲಿಸುವುದಾಗಿ ಡಬ್ಲ್ಯು3ಸಿ ಹೇಳಿತು. ಕಾದದ್ದೇ ಬಂತು.

ಡಾಕ್‌ಬುಕ್ ಬಗ್ಗೆ ಬರೆಯುವಾಗ ನಾನು ಸ್ವಲ್ಪ ಪಕ್ಷಪಾತಿ. ಮೊದಲೇ ಹೇಳಿಬಿಡುತ್ತೇನೆ. 1991ರಲ್ಲಿ ಹ್ಯಾಲ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಪುಸ್ತಕ ಪ್ರಕಾಶಕರಾದ ಓರೈಲಿ ಸೇರಿ ಶುರು ಮಾಡಿದ್ದು. ಮೊದಲು ಎಕ್ಸ್‌ಎಂಎಲ್‌ಗಿಂತ ಹಳೆಯದಾದ ಎಸ್‌ಜಿಎಂಎಲ್‌ನಲ್ಲಿತ್ತು, ಆಮೇಲೆ ಎಕ್ಸ್‌ಎಂಎಲ್‌ಗೆ ಬಂತು. 5.0 ಆವೃತ್ತಿ 2009ರಲ್ಲಿ ಒಯಾಸಿಸ್ ಸಂಸ್ಥೆಯ ಮಾನದಂಡ ಆಯಿತು. ಇದು ಬ್ರೌಸರಿಗೆ ನೇರ ಹೋಗುವ ಭಾಷೆಯೇ ಅಲ್ಲ. ನಾನು ಇದರಲ್ಲಿ ಬರೆಯುತ್ತೇನೆ, ಯಂತ್ರ ಅದನ್ನು ಎಚ್‌ಟಿಎಂಎಲ್‌ಗೆ, ಪಿಡಿಎಫ್‌ಗೆ ತಿರುಗಿಸುತ್ತದೆ. ಬರೆಯುವ ರೂಪ ಬೇರೆ, ತಲುಪಿಸುವ ರೂಪ ಬೇರೆ ಅನ್ನುವ ವಿಷಯ ನನ್ನ ತಲೆಗೆ ಹೋದದ್ದು ಇಲ್ಲೇ. ಅಲ್ಲಿಯವರೆಗೂ ಎರಡನ್ನೂ ಒಂದೇ ಅಂದುಕೊಂಡು ಒದ್ದಾಡುತ್ತಿದ್ದೆ.

ಇದರ ಟ್ಯಾಗ್‌ಗಳ ಪಟ್ಟಿ ನೋಡಿದರೆ ತಾಂತ್ರಿಕ ಬರಹಗಾರರೇ ಕೂತು ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಕೀಲಿಮಣೆಯ ಕೀಗೆ ಬೇರೆ, ಮೆನುವಿಗೆ ಬೇರೆ, ಫೈಲ್ ಹೆಸರಿಗೆ ಬೇರೆ, ಎರರ್ ಕೋಡ್‌ಗೆ ಬೇರೆ ಟ್ಯಾಗ್. ಇಷ್ಟೆಲ್ಲ ಯಾಕೆ ಅಂತ ಮೊದಲು ನನಗೂ ಅನ್ನಿಸಿತ್ತು. ಒಂದು ಮಧ್ಯಾಹ್ನ ಕೈಪಿಡಿಯಲ್ಲಿದ್ದ ಎರರ್ ಕೋಡ್ ಟ್ಯಾಗ್‌ಗಳನ್ನೆಲ್ಲ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಹೆಕ್ಕಿ ತೆಗೆದೆ. ಪ್ರೋಗ್ರಾಮರ್‌ಗಳು ಇಟ್ಟುಕೊಂಡಿದ್ದ ಪಟ್ಟಿಯ ಪಕ್ಕ ಇಟ್ಟು ನೋಡಿದೆ. ಯಂತ್ರ ತೋರಿಸುವ 11 ಕೋಡ್‌ಗಳ ಬಗ್ಗೆ ಕೈಪಿಡಿಯಲ್ಲಿ ಒಂದಕ್ಷರ ಇರಲಿಲ್ಲ. ಎಲ್ಲಕ್ಕೂ ದಪ್ಪಕ್ಷರ ಹಾಕಿದ್ದರೆ ಇದು ಸಿಗುತ್ತಿತ್ತಾ?

ತಪ್ಪಾದಾಗ? ನನ್ನ ಪರದೆಯ ಮೇಲೆ, ಸಾಲಿನ ಸಂಖ್ಯೆ ಸಮೇತ. ತಿದ್ದುವವರೆಗೂ ಪುಟ ತಯಾರೇ ಆಗುವುದಿಲ್ಲ. ಓದುವವರಿಗೆ ಸುಳಿವೂ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಆದರೂ ಒಂದು ಸಲ ಕೈ ಕೊಟ್ಟಿತು. ಪುಟಗಳು ತಯಾರಾದವು, ದೋಷ ಒಂದೂ ಇಲ್ಲ, ಪ್ರಕಟಿಸಿದೆ. ನೋಡಿದರೆ ಪುಟದಲ್ಲಿ ಎಲ್ಲಿ ಮೌಸ್ ಇಟ್ಟರೂ ಅಡಿಗೆರೆ ಬರುತ್ತಿದೆ, ಇಡೀ ಪುಟವೇ ಒಂದು ಲಿಂಕ್ ಆದ ಹಾಗೆ. ಡಾಕ್‌ಬುಕ್ ಅನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ನಿಯಮಗಳ ಫೈಲ್, ಅಂದರೆ ಸ್ಟೈಲ್‌ಶೀಟ್, ಪ್ರತಿ ವಿಭಾಗದ ತಲೆಯಲ್ಲಿ ಗುರುತಿಗಾಗಿ ಖಾಲಿ ಎ ಟ್ಯಾಗ್ ಇಡುತ್ತಿತ್ತು. ಅದನ್ನು ಎಕ್ಸ್‌ಎಂಎಲ್ ರೀತಿಯಲ್ಲಿ, ಟ್ಯಾಗಿನ ಒಳಗೇ ಸ್ಲ್ಯಾಶ್ ಹಾಕಿ ಮುಚ್ಚುತ್ತಿತ್ತು. ನಾವು ಕಳಿಸುತ್ತಿದ್ದದ್ದು ಎಚ್‌ಟಿಎಂಎಲ್ ಅಂತ. ಎಚ್‌ಟಿಎಂಎಲ್ ಓದುವ ಬ್ರೌಸರಿಗೆ ಆ ಸ್ಲ್ಯಾಶ್ ಲೆಕ್ಕಕ್ಕಿಲ್ಲ. ಟ್ಯಾಗ್ ತೆರೆಯಿತು, ಮುಚ್ಚಲೇ ಇಲ್ಲ. ಔಟ್‌ಪುಟ್ ವಿಧಾನವನ್ನು ಎಕ್ಸ್‌ಎಂಎಲ್‌ನಿಂದ ಎಚ್‌ಟಿಎಂಎಲ್‌ಗೆ ಬದಲಾಯಿಸಿದೆ. ಒಂದು ಪದದ ತಿದ್ದುಪಡಿ. ಹುಡುಕಲು ಹಿಡಿದದ್ದು ಎರಡು ದಿನ.

ಡಾಕ್‌ಬುಕ್ ಬಿಡಬೇಕಾಗಿ ಬಂದದ್ದು ಅದರ ತಪ್ಪಿನಿಂದಲ್ಲ, ನಮ್ಮ ಪ್ರೋಗ್ರಾಮರ್‌ಗಳಿಂದ. ಒಬ್ಬರೂ ಅದರಲ್ಲಿ ಬರೆಯಲಿಲ್ಲ. "ನಾನು ಮೇಲ್‌ನಲ್ಲಿ ಕಳಿಸ್ತೀನಿ, ಟ್ಯಾಗ್ ನೀವೇ ಹಾಕ್ಕೊಳ್ಳಿ ಮೇಡಂ" ಅನ್ನುತ್ತಿದ್ದರು. ಮೇಲ್‌ಗಳು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಕೈಪಿಡಿ ಯಂತ್ರಕ್ಕಿಂತ ಎರಡು ಆವೃತ್ತಿ ಹಿಂದೆ ಬಿತ್ತು. ಅಂದರೆ ಟ್ಯಾಗ್ ಪರೀಕ್ಷಿಸುವ ವ್ಯಾಲಿಡೇಟರ್‌ಗೆ ಕಾಣದ ಬಗೆಯ ತಪ್ಪು. ಟ್ಯಾಗ್‌ಗಳೆಲ್ಲ ಸರಿ, ವಿಷಯವೇ ಹಳೆಯದು.

ನಡುವೆ ಮೂರು ತಿಂಗಳು ಡಿಟಾ ಅನ್ನುವ ಇನ್ನೊಂದು ಎಕ್ಸ್‌ಎಂಎಲ್ ಮಾರ್ಕಪ್ ಕೂಡ ನೋಡಿದೆವು. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಒಯಾಸಿಸ್ ಮಾನದಂಡ ಆದದ್ದು. ಹೆಸರಿನ ಮೊದಲಕ್ಷರ ಡಾರ್ವಿನ್‌ನದು. ಮೂಲ ಟ್ಯಾಗ್‌ಗಳಿಂದ ಹೊಸವನ್ನು ಬೆಳೆಸಿಕೊಳ್ಳಬಹುದು ಅನ್ನುವ ಅರ್ಥದಲ್ಲಿ. ಒಂದೇ ಪ್ಯಾರಾವನ್ನು ಇಪ್ಪತ್ತು ಉತ್ಪನ್ನಗಳ ಕೈಪಿಡಿಯಲ್ಲಿ ಬಳಸಬೇಕು, ಹತ್ತು ಭಾಷೆಗೆ ಅನುವಾದ ಆಗಬೇಕು ಅನ್ನುವವರಿಗೆ ಬಹಳ ಒಳ್ಳೆಯದು. ನಮ್ಮದು ಒಂದೇ ಯಂತ್ರ. ಮೂಗಿಗಿಂತ ಮೂಗುತಿ ಭಾರ ಆಯಿತು. ಬಿಟ್ಟೆವು.

ಆಮೇಲೆ ಮಾರ್ಕ್‌ಡೌನ್. 2004ರಲ್ಲಿ ಜಾನ್ ಗ್ರೂಬರ್ ಮಾಡಿದ್ದು. ಟ್ಯಾಗ್ ಬದಲು ನಕ್ಷತ್ರ, ಗೆರೆಯಂಥ ಸಣ್ಣ ಚಿಹ್ನೆಗಳಿಂದ ಬರೆಯುವ ರೀತಿ. ಹೇಳಿದ ಮಾರನೇ ದಿನವೇ ಪ್ರೋಗ್ರಾಮರ್‌ಗಳು ಬರೆಯಲು ಶುರು ಮಾಡಿದರು. ಕೋಡ್ ಇಡುವ ಜಾಗದಲ್ಲೇ ಡಾಕ್ಯುಮೆಂಟೇಷನ್ ಕೂಡ ಇಟ್ಟರು. ಎರಡು ವರ್ಷ ಗೋಗರೆದರೂ ಬಾರದ ಪುಟಗಳು ಎರಡು ವಾರದಲ್ಲಿ ಬಂದವು. ಇದನ್ನು ಹಗುರ ಮಾಡಿ ಮಾತಾಡುವವರನ್ನು ನಾನು ನಂಬುವುದಿಲ್ಲ.

ಆದರೆ ನನ್ನ ಪ್ರಶ್ನೆಗೆ ಮಾರ್ಕ್‌ಡೌನ್ ಕೊಡುವ ಉತ್ತರ ಭಯ ಹುಟ್ಟಿಸುತ್ತದೆ. ಅದರಲ್ಲಿ ತಪ್ಪು ಅನ್ನುವುದೇ ಇಲ್ಲ. ತಮಾಷೆಗೆ ಹೇಳುತ್ತಿಲ್ಲ. ಬೇರೆ ಬೇರೆ ಮಾರ್ಕ್‌ಡೌನ್‌ಗಳ ಗೊಂದಲ ಬಗೆಹರಿಸಲು 2014ರಲ್ಲಿ ಕಾಮನ್‌ಮಾರ್ಕ್ ಅಂತ ಒಂದು ಖಚಿತ ವಿವರಣೆ ಬಂತು. ಯಾವ ಅಕ್ಷರಗಳ ಸಾಲನ್ನು ಕೊಟ್ಟರೂ ಅದು ಸರಿಯಾದ ಕಾಮನ್‌ಮಾರ್ಕ್ ದಾಖಲೆಯೇ ಅಂತ ಅದರಲ್ಲೇ ಇದೆ. ಬೆಕ್ಕು ಕೀಲಿಮಣೆ ಮೇಲೆ ನಡೆದರೂ ವ್ಯಾಲಿಡ್.

ನಮಗೆ ಪೆಟ್ಟು ಬಿದ್ದದ್ದು ಹೆಜ್ಜೆಗಳ ಪಟ್ಟಿಯಲ್ಲಿ. ಏಳು ಹೆಜ್ಜೆಯ ಒಂದು ಕೆಲಸ. ಸೋಮಾರಿತನಕ್ಕೆ ಎಲ್ಲ ಹೆಜ್ಜೆಗೂ 1 ಅಂತಲೇ ಹಾಕಿದ್ದೆವು. ಯಂತ್ರವೇ ಎಣಿಸಿಕೊಳ್ಳುತ್ತದೆ ಅಲ್ವಾ. ನಾಲ್ಕನೇ ಹೆಜ್ಜೆಯಲ್ಲಿ ಒಂದು ಕಮಾಂಡ್ ಇತ್ತು. ಅದನ್ನು ಒಳಕ್ಕೆ ಸರಿಸದೆ ಅಂಚಿನಿಂದಲೇ ಬರೆದಿದ್ದರು. ಪಟ್ಟಿ ಅಲ್ಲಿಗೆ ಮುರಿಯಿತು. ಮುಂದಿನ ಹೆಜ್ಜೆ ಮತ್ತೆ 1ರಿಂದ ಶುರು. "ಎರಡನೇ ಹೆಜ್ಜೆಗೆ ವಾಪಸ್ ಹೋಗಿ" ಅಂತ ಕೊನೆಯಲ್ಲಿ ಬರೆದಿದ್ದೆವು. ಈಗ ಪುಟದಲ್ಲಿ ಎರಡು ಎರಡನೇ ಹೆಜ್ಜೆಗಳು. ಯಾವ ಟೂಲೂ ತುಟಿ ಪಿಟಕ್ಕೆನ್ನಲಿಲ್ಲ. ಎಷ್ಟು ಜಾಗ ಬಿಟ್ಟು ಒಳಗೆ ಸರಿಸಬೇಕು ಅನ್ನುವುದರಲ್ಲೂ ಒಮ್ಮತ ಇಲ್ಲ. ಹಳೆಯ ರೀತಿಯಲ್ಲಿ ನಾಲ್ಕು ಜಾಗ, ಕಾಮನ್‌ಮಾರ್ಕ್‌ನಲ್ಲಿ ಹೆಜ್ಜೆಯ ಮೊದಲ ಅಕ್ಷರದ ನೇರಕ್ಕೆ. ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ಪರಿವರ್ತಕ ಬದಲಾಯಿಸಿದ ದಿನ ನಮ್ಮ ಅರ್ಧ ಪಟ್ಟಿಗಳು ಸೊಟ್ಟಗಾದವು. 2016ರಲ್ಲಿ ಮಾರ್ಕ್‌ಡೌನ್‌ಗೆ ಮೈಮ್ ಟೈಪ್ ನೋಂದಾಯಿಸಿದಾಗ, ಇದು ಯಾವ ಬಗೆಯ ಮಾರ್ಕ್‌ಡೌನ್ ಅಂತ ಹೇಳುವುದಕ್ಕೇ ಒಂದು ಪ್ಯಾರಾಮೀಟರ್ ಸೇರಿಸಬೇಕಾಯಿತು. ಪರಿಸ್ಥಿತಿ ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಕೋಷ್ಟಕಗಳು. ಮೂಲ ಮಾರ್ಕ್‌ಡೌನ್‌ನಲ್ಲಿ ಕೋಷ್ಟಕವೇ ಇಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಬಗೆಯಲ್ಲಿ ಇದೆ, ಆದರೆ ಎರಡು ಸಾಲಿಗೆ ಸೇರಿ ಒಂದು ಮನೆ (ಸೆಲ್) ಮಾಡಲು ಆಗುವುದಿಲ್ಲ, ಮನೆಯೊಳಗೆ ಪಟ್ಟಿ ಹಾಕಲು ಆಗುವುದಿಲ್ಲ. ನಮ್ಮ ಎರರ್ ಕೋಡ್ ಪುಟಗಳ ಜೀವವೇ ಅದು. ಒಂದು ಕೋಡ್, ಮೂರು ಕಾರಣ, ಒಂದೊಂದು ಕಾರಣಕ್ಕೂ ಎರಡು ಪರಿಹಾರ. ಕೊನೆಗೆ ಅಲ್ಲೆಲ್ಲ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನೇ ಕೈಯಾರೆ ಬರೆದೆವು. ಎಚ್ಚರಿಕೆಯ ಪೆಟ್ಟಿಗೆಗೂ ಅದೇ ಗತಿ. ವಿದ್ಯುತ್ ತೆಗೆಯದೆ ಮುಚ್ಚಳ ಬಿಚ್ಚಬೇಡಿ ಅನ್ನುವುದಕ್ಕೆ ಒಂದು ಗುರುತೂ ಇಲ್ಲದ ಮಾರ್ಕಪ್‌ನಲ್ಲಿ ಯಂತ್ರದ ಕೈಪಿಡಿ ಬರೆಯಲು ನನಗೆ ಧೈರ್ಯ ಸಾಲಲಿಲ್ಲ.

ಮಾರ್ಕ್‌ಡೌನ್ ಥರದ್ದೇ ಇನ್ನೊಂದು ಮಾರ್ಕಪ್ ಆದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಬಗ್ಗೆ ಎರಡೇ ಮಾತು. ಪೈಥಾನ್ ಭಾಷೆಯ ಡಾಕ್ಯುಮೆಂಟೇಷನ್‌ಗಾಗಿ 2008ರಲ್ಲಿ ಬಂದ ಸ್ಫಿಂಕ್ಸ್ ಪರಿವರ್ತಕದ ಜೊತೆ ಬಳಸಿದರೆ ತುಂಬಾ ಗಟ್ಟಿ. ಎಚ್ಚರಿಕೆಗಳನ್ನೆಲ್ಲ ದೋಷ ಅಂತಲೇ ಪರಿಗಣಿಸು ಅನ್ನುವ ಆಯ್ಕೆ ಕೂಡ ಇದೆ. ಆದರೆ ಅದರಲ್ಲಿ ಲಿಂಕ್ ಹಾಕುವ ರೀತಿ ನನಗೆ ಒಂದು ಸಲವೂ ನೋಡದೆ ಬರೆಯಲು ಬರಲಿಲ್ಲ. ಕೊನೆಯ ಅಂಡರ್‌ಸ್ಕೋರ್ ಪ್ರತಿ ಸಲ ಮರೆಯುತ್ತಿದ್ದೆ.

ಈಗ ಬಳಸುವುದು ಆಸ್ಕಿಡಾಕ್. 2002ರಲ್ಲಿ ಸ್ಟುವರ್ಟ್ ರ್‍ಯಾಕ್‌ಹ್ಯಾಮ್ ಶುರು ಮಾಡಿದ್ದು. ಡಾಕ್‌ಬುಕ್ ಅನ್ನು ಟ್ಯಾಗ್ ಇಲ್ಲದೆ ಬರೆಯುವ ದಾರಿ ಅಂದರೂ ನಡೆಯುತ್ತದೆ. 2013ರಲ್ಲಿ ಆಸ್ಕಿಡಾಕ್ಟರ್ ಅನ್ನುವ ಪರಿವರ್ತಕ ಬಂದ ಮೇಲೆ ಇದಕ್ಕೆ ಹೊಸ ಜೀವ ಬಂತು. ಎಚ್ಚರಿಕೆಗೆ ಗುರುತು ಇದೆ, ಕೋಷ್ಟಕದ ಮನೆ ಹಿಗ್ಗಿಸಬಹುದು, ಒಂದು ಫೈಲ್ ಒಳಗೆ ಇನ್ನೊಂದನ್ನು ಕರೆಸಿಕೊಳ್ಳಬಹುದು. ಪಟ್ಟಿಯ ಹೆಜ್ಜೆಗೆ ಕಮಾಂಡ್ ಸೇರಿಸಲು ಜಾಗ ಎಣಿಸಬೇಕಾಗಿಲ್ಲ, ನಡುವೆ ಒಂದು ‘+’ ಹಾಕಿದರೆ ಸಾಕು. ಪ್ರೋಗ್ರಾಮರ್‌ಗಳು ಒಂದು ವಾರ ಗೊಣಗಿ ಆಮೇಲೆ ಒಗ್ಗಿಕೊಂಡರು.

ದೂರು ಇಲ್ಲ ಅಂತಲ್ಲ. ಕೋಷ್ಟಕದ ಮನೆಗಳ ಅಳತೆ ಬರೆಯುವ ರೀತಿ ಗುಪ್ತ ಲಿಪಿ ಥರ ಇದೆ. ತಪ್ಪಿನ ವಿಷಯದಲ್ಲೂ ಹಾಗೇ ಬಿಟ್ಟರೆ ಇದು ಮಾರ್ಕ್‌ಡೌನ್‌ನಷ್ಟೇ ಮೌನಿ. ಇಲ್ಲದ ವಿಭಾಗಕ್ಕೆ ಲಿಂಕ್ ಹಾಕಿದರೆ, ವಿವರವಾಗಿ ಹೇಳು ಅಂತ ನಾವಾಗಿ ಕೇಳಿದಾಗ ಮಾತ್ರ ಬಾಯಿ ಬಿಡುತ್ತದೆ. ಕರೆಸಿಕೊಂಡ ಫೈಲ್ ಸಿಗದಿದ್ದರೆ ನನಗೊಂದು ಎಚ್ಚರಿಕೆ ಕೊಡುತ್ತದೆ, ಜೊತೆಗೆ ಆ ವಿಷಯವನ್ನು ಓದುವವರ ಪುಟದಲ್ಲೂ ಬರೆದಿಡುತ್ತದೆ! ಇಂಥ ಪುಟ ಒಂದು ಸಲ ಹೊರಗೆ ಹೋಗಿದೆ. ಪರಿವರ್ತಕಕ್ಕೆ ಫೇಲ್ಯೂರ್ ಲೆವೆಲ್ ಅನ್ನುವ ಆಯ್ಕೆ ಇದೆ. ಅದನ್ನು ಬಿಗಿ ಮಾಡಿ ಇಟ್ಟರೆ ಸಣ್ಣ ಎಚ್ಚರಿಕೆಗೂ ಕೆಲಸ ನಿಲ್ಲುತ್ತದೆ. ಮೊದಲ ದಿನವೇ ಇದನ್ನು ಹಾಕಿ. ನಾನು ಆರನೇ ತಿಂಗಳಿಗೆ ಹಾಕಿದೆ. ಆಗ ಹೊರಬಿದ್ದ ಮುರಿದ ಲಿಂಕ್‌ಗಳನ್ನು ಎಣಿಸಿದೆ, ಸಂಖ್ಯೆ ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಸ್ಕಿಡಾಕ್‌ನಿಂದ ತಯಾರಾಗಿ ಓದುವವರಿಗೆ ಹೋಗುವುದು ಎಚ್‌ಟಿಎಂಎಲ್5. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಕಾರಣ ಹೆಚ್ಚಿನವರು ಹೊಗಳುವ ವಿಡಿಯೊ ಅಥವಾ ಹೊಸ ಟ್ಯಾಗ್‌ಗಳಲ್ಲ. ತಪ್ಪು ಟ್ಯಾಗ್ ಕಂಡರೆ ಬ್ರೌಸರ್ ಏನು ಮಾಡಬೇಕು ಅಂತ ಇದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದಾರೆ. 4.01 ಬಾಯಿ ಮುಚ್ಚಿಕೊಂಡಿದ್ದ ವಿಷಯವೇ ಇದು. ನಾನು ಎಷ್ಟೇ ಸೊಟ್ಟಗೆ ಬರೆದರೂ ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ರೀತಿ ಸೊಟ್ಟಗೆ ಕಾಣುತ್ತದೆ. "ಇಲ್ಲಿ ಸರಿ ಇದೆಯಲ್ಲ ಸರ್" ಅನ್ನುವ ಮಾತು ಟ್ಯಾಗ್‌ಗಳ ಮಟ್ಟಿಗೆ ನಿಂತಿತು. ಓದುವವರಿಗೆ ಪುಟ ಯಾವಾಗಲೂ ತೆರೆಯುತ್ತದೆ. ನನಗೆ ತಪ್ಪು ತೋರಿಸಲು ನ್ಯೂ ಎಚ್‌ಟಿಎಂಎಲ್ ಚೆಕರ್ ಇದೆ. ಪ್ರಕಟಿಸುವ ಮುಂಚೆ ಪ್ರತಿ ಪುಟವೂ ಅದರ ಮುಂದೆ ಹಾದು ಹೋಗುತ್ತದೆ. ಅಂಗವಿಕಲರಿಗೂ ಪುಟ ಸುಲಭವಾಗಲಿ ಅಂತ ಇರುವ ಡಬ್ಲ್ಯುಸಿಎಜಿ ನಿಯಮಗಳಲ್ಲಿ, ಟ್ಯಾಗ್‌ಗಳು ಸರಿಯಾಗಿ ತೆರೆದು ಮುಚ್ಚಿರಬೇಕು ಅನ್ನುವ 4.1.1 ನಿಯಮ ಇತ್ತು. 2023ರ 2.2 ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದರು. ಬ್ರೌಸರ್‌ಗಳು ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುತ್ತಿವೆ.

ಸಣ್ಣ ಸಣ್ಣ ಸುಖಗಳೂ ಇವೆ. 4.01ರಲ್ಲಿ ಲಿಂಕ್ ಬಂದು ತಲುಪುವ ಜಾಗದ ಹೆಸರು, ಅಂದರೆ ಐಡಿ, ಅಕ್ಷರದಿಂದಲೇ ಶುರುವಾಗಬೇಕಿತ್ತು. ಈಗ ಅಂಕಿಯಿಂದಲೂ ಆಗಬಹುದು. ಎರರ್ 204ಕ್ಕೆ ಐಡಿ 204, ಲಿಂಕ್ ನೆನಪಿಡುವುದು ಸುಲಭ. (ಪುಟದ ಬಣ್ಣ, ಅಳತೆ ಬರೆಯುವ ಸಿಎಸ್‌ಎಸ್ ಸ್ಟೈಲ್‌ಶೀಟ್‌ನಲ್ಲಿ ಅಂಥ ಐಡಿಯನ್ನು ಹಿಡಿಯಲು ಸ್ವಲ್ಪ ಸರ್ಕಸ್ ಬೇಕು.) ಉದ್ದನೆಯ ಲಾಗ್‌ಗಳನ್ನು ಡೀಟೇಲ್ಸ್ ಟ್ಯಾಗಿನಲ್ಲಿ ಮಡಚಿ ಇಡಬಹುದು.

ಒಂದು ಕಡೆ ಮಾತ್ರ ಇದನ್ನು ನಂಬಿ ಕೆಟ್ಟೆ. ಸೆಕ್ಷನ್ ಟ್ಯಾಗ್ ಒಳಗೆ ಸೆಕ್ಷನ್ ಇಡುತ್ತಾ ಹೋಗಿ, ಎಲ್ಲ ತಲೆಬರಹಕ್ಕೂ ಎಚ್1 ಹಾಕಿ, ಮಟ್ಟವನ್ನು ಬ್ರೌಸರೇ ಲೆಕ್ಕ ಹಾಕುತ್ತದೆ ಅಂತ ಮಾನದಂಡದಲ್ಲೇ ಬರೆದಿತ್ತು. ನಾನು ಹಾಗೇ ಮಾಡಿದೆ. ಯಾವ ಬ್ರೌಸರೂ ಆ ಲೆಕ್ಕವನ್ನು ಪೂರ್ತಿ ಜಾರಿಗೆ ತರಲಿಲ್ಲ. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಒಬ್ಬರು ನಮ್ಮ ಪುಟದಲ್ಲಿ ಹದಿನೆಂಟು ಎಚ್1 ಇವೆ ಅಂತ ಬರೆದು ತಿಳಿಸಿದರು. 2022ರಲ್ಲಿ ಆ ಭಾಗವನ್ನು ಮಾನದಂಡದಿಂದಲೇ ತೆಗೆದರು. ನಾವು ಅದಕ್ಕೂ ಮುಂಚೆ ಎಚ್2, ಎಚ್3ಗೆ ವಾಪಸ್ ಬಂದಿದ್ದೆವು.

ಇನ್ನೊಂದು ಕಿರಿಕಿರಿ, ಆವೃತ್ತಿಯದು. 2014ರ ಅಕ್ಟೋಬರ್ 28ರಂದು ಡಬ್ಲ್ಯು3ಸಿ ಎಚ್‌ಟಿಎಂಎಲ್5 ಅನ್ನು ಅಧಿಕೃತ ಮಾಡಿತು. 2019ರಲ್ಲಿ ಒಪ್ಪಂದ ಆಗಿ, ಈಗ ಬ್ರೌಸರ್ ಕಂಪನಿಗಳ ಗುಂಪಾದ ವಾಟ್‌ಡಬ್ಲ್ಯುಜಿಯವರ ಸದಾ ಬದಲಾಗುವ ಲಿವಿಂಗ್ ಸ್ಟ್ಯಾಂಡರ್ಡ್ ಒಂದೇ ಉಳಿದಿದೆ. ಅದಕ್ಕೆ ಸಂಖ್ಯೆ ಇಲ್ಲ. ಗ್ರಾಹಕರ ಫಾರ್ಮಿನಲ್ಲಿ ಮಾತ್ರ "ಯಾವ ಆವೃತ್ತಿಗೆ ಬದ್ಧ?" ಅನ್ನುವ ಖಾನೆ ಇನ್ನೂ ಇದೆ. ನಾನು ಚೆಕರ್ ಓಡಿಸಿದ ತಾರೀಕು ಬರೆಯುತ್ತೇನೆ. ಇವತ್ತಿನವರೆಗೂ ಯಾರೂ ವಾಪಸ್ ಕಳಿಸಿಲ್ಲ.

ನೀವೊಬ್ಬರೇ ಬರೆಯುವವರು, ಇಪ್ಪತ್ತು ಪುಟದ ಕೆಲಸ ಅಂದರೆ ಇಷ್ಟೆಲ್ಲ ರಗಳೆ ಬೇಡ. ಎಚ್‌ಟಿಎಂಎಲ್ ಅನ್ನೇ ಕೈಯಲ್ಲಿ ಬರೆಯಿರಿ, ಚೆಕರ್‌ಗೆ ಕೊಡಿ, ಮುಗಿಯಿತು. ಪ್ರೋಗ್ರಾಮರ್‌ಗಳಿಂದ ಬರೆಸಬೇಕು, ಕೋಷ್ಟಕ ಸರಳ ಅಂದರೆ ಮಾರ್ಕ್‌ಡೌನ್ ಸಾಕು. ಆದರೆ ಪರಿವರ್ತಕ ಯಾವುದು ಅಂತ ಒಂದು ಸಲ ತೀರ್ಮಾನಿಸಿ, ಆಮೇಲೆ ಅದನ್ನು ಮುಟ್ಟಬೇಡಿ.

ಎಕ್ಸ್‌ಎಚ್‌ಟಿಎಂಎಲ್ ನನ್ನನ್ನು ಪೂರ್ತಿ ಬಿಟ್ಟು ಹೋಗಿಲ್ಲ. ಇಂಟರ್ನೆಟ್ ಸಿಗದ ಕಡೆ ಕೆಲಸ ಮಾಡುವ ಟೆಕ್ನಿಷಿಯನ್‌ಗಳಿಗೆ ಕೈಪಿಡಿಯನ್ನು ಇಪಬ್ ಅನ್ನುವ ಇ-ಪುಸ್ತಕವಾಗಿ ಕೊಡುತ್ತೇವೆ. ಇಪಬ್ 3ರ ಒಳಗಿನ ಪುಟಗಳು ಇವತ್ತಿಗೂ ಎಕ್ಸ್‌ಎಂಎಲ್ ಶಿಸ್ತಿನಲ್ಲೇ ಇರಬೇಕು. ಕಳೆದ ಶುಕ್ರವಾರ ಸಂಜೆ ಪುಸ್ತಕ ತಯಾರಾಗದೆ ನಿಂತಿತು. 212ನೇ ಸಾಲು, ಎರರ್ 204ರ ಪುಟ, ಕೈಯಾರೆ ಬರೆದಿದ್ದ ಒಂದು ಕೋಷ್ಟಕದೊಳಗೆ ಬಿಡಿಭಾಗದ ಹೆಸರು, ಅದರ ನಡುವೆ ‘&’. ಈ ಸಲ ಕೆಂಪಕ್ಷರ ನನ್ನ ಪರದೆಯ ಮೇಲಿತ್ತು. ತಿದ್ದಿ, ಮತ್ತೆ ಓಡಿಸಿ, ಮನೆಗೆ ಹೋದೆ.